ಸೋತ ಓಟು ಎಲ್ಲಿಗೆ ಹೋಗುತ್ತದೆ?

2024ರ ಲೋಕಸಭೆ ಚುನಾವಣೆ ನಮ್ಮ ಭಾಗದಲ್ಲಿ ಒಂದು ವಿಚಿತ್ರ ಮಾಡಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕ್ಷೇತ್ರ ಕಾಂಗ್ರೆಸ್‌ಗೆ ಹೋದವು. ದೆಹಲಿಯಲ್ಲಿ ಸರ್ಕಾರ ಮಾಡಿದ್ದು ಎನ್‌ಡಿಎ. ಇಲ್ಲಿ ಕಾಂಗ್ರೆಸ್‌ಗೆ ಹಾಕಿದವರು ಮಧ್ಯಾಹ್ನ ಪಟಾಕಿ ಹೊಡೆದು ಸಂಜೆ ಟಿವಿ ಮುಂದೆ ಸುಮ್ಮನಾದರು. ಬಿಜೆಪಿಗೆ ಹಾಕಿದವರಿಗೆ ದೆಹಲಿ ಉಳಿಯಿತು, ಆದರೆ ಊರಿನ ಅಭ್ಯರ್ಥಿ ಸೋತರು, 400 ದಾಟುತ್ತೇವೆ ಅಂದಿದ್ದ ಮೈತ್ರಿಕೂಟ 293ಕ್ಕೆ ನಿಂತಿತು. ಪೂರ್ತಿ ಖುಷಿ ಯಾರಿಗೂ ಇಲ್ಲ.

ನಮ್ಮನೆಯಲ್ಲೂ ಅದೇ ಕಥೆ. ನಾನೂ ನನ್ನ ಮಗಳೂ ಬೇರೆ ಬೇರೆ ಪಕ್ಷಕ್ಕೆ ಹಾಕಿದ್ದೆವು. ಇಬ್ಬರಿಗೂ ಬೇಜಾರು. ಯಾರು ಯಾವುದಕ್ಕೆ ಅಂತ ಹೇಳಲ್ಲ, ನಮ್ಮ ಓಣಿಯವರೂ ಇದನ್ನು ಓದುತ್ತಾರೆ. ಅವಳಿಗೆ ಅದು ಮೊದಲ ಓಟು. ಬೆರಳಿನ ಶಾಯಿ ಫೋಟೊ ತೆಗೆದು ಸ್ಟೇಟಸ್ ಹಾಕಿಕೊಂಡಿದ್ದಳು. ಫಲಿತಾಂಶ ಬಂದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ, ಹಂಗಾದ್ರೆ ನಾನು ಹಾಕಿದ್ದು ಎಲ್ಲಿ ಹೋತು?"

ಪ್ರತಿ ಓಟೂ ಅಮೂಲ್ಯ ಅಂತ ಶಾಲೆ ಗೋಡೆಯ ಮಾತು ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ಅದಕ್ಕೆ ಲೆಕ್ಕವನ್ನೇ ತೆಗೆದು ಕೂತೆವು.

ಮೊದಲು ತಿಳಿಯಬೇಕಾದ್ದು ಇದು. ನಾವು ದೇಶಕ್ಕೆಲ್ಲ ಸೇರಿ ಒಂದು ಚುನಾವಣೆ ಮಾಡುವುದಿಲ್ಲ. 543 ಬೇರೆ ಬೇರೆ ಚುನಾವಣೆ ಮಾಡುತ್ತೇವೆ. ಟಿವಿಯವರು ಅದನ್ನು ಒಂದೇ ಪಂದ್ಯದ ಹಾಗೆ ತೋರಿಸುತ್ತಾರೆ, ಇಬ್ಬರು ನಾಯಕರ ಫೋಟೊ ಎದುರುಬದುರು ಹಾಕಿ. ನಮ್ಮ ಮಷಿನ್‌ನಲ್ಲಿ ಆ ಇಬ್ಬರ ಹೆಸರೂ ಇರಲಿಲ್ಲ, ಅಲ್ವಾ? ಪ್ರತಿ ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಜಾಸ್ತಿ ಓಟು ಬರುತ್ತದೋ ಅವರಿಗೆ ಸೀಟು. ಅರ್ಧಕ್ಕಿಂತ ಜಾಸ್ತಿ ಬರಬೇಕು ಅಂತೇನೂ ಇಲ್ಲ. ಎರಡನೆಯವರಿಗಿಂತ ಒಂದು ಜಾಸ್ತಿ ಇದ್ದರೆ ಸಾಕು. ಇದು ಸುಮ್ನೆ ಮಾತಿಗೆ ಹೇಳುವುದಲ್ಲ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಓಟಿನಿಂದ: 40,752ಕ್ಕೆ 40,751.

ನಮ್ಮ ಕಡೆಯ ಅಂಕಿ ನೋಡಿ. ಬಳ್ಳಾರಿಯಲ್ಲಿ ಇ. ತುಕಾರಾಂ ಅವರು ಶ್ರೀರಾಮುಲು ಅವರನ್ನು 98,992 ಓಟಿನಿಂದ ಸೋಲಿಸಿದರು. ರಾಯಚೂರಲ್ಲಿ ಕುಮಾರ ನಾಯಕ ಅವರ ಲೀಡ್ 79,781. ಕೊಪ್ಪಳದಲ್ಲಿ ರಾಜಶೇಖರ ಹಿಟ್ನಾಳ ಅವರದು 46,357. ಲೀಡ್ ಬೇರೆ ಬೇರೆ, ದೆಹಲಿಯಲ್ಲಿ ಮೂವರದೂ ಒಂದೊಂದೇ ಕುರ್ಚಿ. ಬಳ್ಳಾರಿಯ ಲಕ್ಷದ ಹತ್ತಿರದ ಲೀಡ್‌ನಲ್ಲಿ ಅರ್ಧ ತೆಗೆದು ಪಕ್ಕದ ಕ್ಷೇತ್ರಕ್ಕೆ ಕೊಡಲು ಬರುವುದಿಲ್ಲ. ಹಾಗೆ ನೋಡಿದರೆ ಗೆದ್ದವರ ಓಟೂ ಒಂದಿಷ್ಟು ಸುಮ್ನೆ ಬಿದ್ದಿರುತ್ತದೆ, ಸೋತವರದು ಮಾತ್ರ ಅಲ್ಲ.

ಇಲ್ಲಿಂದಲೇ ಎಲ್ಲ ಗೋಜಲು ಶುರು. ಒಂದು ಪಕ್ಷಕ್ಕೆ ಕೆಲವು ಕಡೆ ರಾಶಿ ರಾಶಿ ಓಟು ಬಿದ್ದು, ಉಳಿದ ಕಡೆ ಸ್ವಲ್ಪದರಲ್ಲಿ ಸೋತರೆ, ಅದರ ಓಟು ಜಾಸ್ತಿ, ಸೀಟು ಕಡಿಮೆ. 2018ರ ನಮ್ಮ ವಿಧಾನಸಭೆ ಚುನಾವಣೆ ನೆನಪಿದೆಯಾ? ಕಾಂಗ್ರೆಸ್‌ಗೆ ಶೇ. 38ರಷ್ಟು ಓಟು, ಬಿಜೆಪಿಗೆ ಶೇ. 36ರಷ್ಟು. ಸೀಟು ನೋಡಿದರೆ ಬಿಜೆಪಿ 104, ಕಾಂಗ್ರೆಸ್ 80. ಇನ್ನೂ ಘೋರ ಅಂದರೆ 2014ರಲ್ಲಿ ಬಿಎಸ್‌ಪಿಯದು. ದೇಶದಲ್ಲಿ ಎರಡು ಕೋಟಿಗೂ ಜಾಸ್ತಿ ಜನ ಆ ಪಕ್ಷಕ್ಕೆ ಹಾಕಿದರು, ಓಟಿನ ಲೆಕ್ಕದಲ್ಲಿ ಮೂರನೇ ದೊಡ್ಡ ಪಕ್ಷ. ಲೋಕಸಭೆಯಲ್ಲಿ ಸೀಟು ಸೊನ್ನೆ. ಅದೇ ವರ್ಷ ಬಿಜೆಪಿ ಶೇ. 31 ಓಟಿಗೆ 282 ಸೀಟು ಪಡೆಯಿತು.

2019 ಮತ್ತು 2024ನ್ನು ಪಕ್ಕಪಕ್ಕ ಇಟ್ಟಾಗ ಮಗಳು ನಿಜವಾಗಿ ಕಣ್ಣರಳಿಸಿದಳು. ಬಿಜೆಪಿ ಓಟು ಶೇ. 37.4ರಿಂದ 36.6ಕ್ಕೆ ಇಳಿಯಿತು, ಅಂದರೆ ನೂರಕ್ಕೆ ಒಂದೂ ಪೂರ್ತಿ ಹೋಗಲಿಲ್ಲ. ಸೀಟು 303ರಿಂದ 240ಕ್ಕೆ ಬಿತ್ತು. ಕಾಂಗ್ರೆಸ್‌ಗೆ ಶೇ. 19.5 ಇದ್ದದ್ದು 21.2 ಆಯಿತು, ಸೀಟು 52ರಿಂದ 99. ಹಾಗಾದರೆ ಜನರ ಮನಸ್ಸು ಎಷ್ಟು ಬದಲಾಯಿತು? ಟಿವಿಯಲ್ಲಿ ಕೂಗಾಡಿದಷ್ಟು ಖಂಡಿತ ಅಲ್ಲ. ಯಾವ ಕ್ಷೇತ್ರದಲ್ಲಿ ಬದಲಾಯಿತು, ಎದುರಿಗಿದ್ದವರು ಒಬ್ಬರೇನಾ ಮೂವರಾ, ಯಾರು ಯಾರ ಜೊತೆ ಸೇರಿ ನಿಂತಿದ್ದರು, ಇದೆಲ್ಲ ಸೇರಿ ಸೀಟನ್ನು ಕುಣಿಸುತ್ತದೆ.

ಕರ್ನಾಟಕದಲ್ಲೇ ನೋಡಿ. 2024ರಲ್ಲಿ ಬಿಜೆಪಿಗೆ ಶೇ. 46, ಕಾಂಗ್ರೆಸ್‌ಗೆ ಶೇ. 45. ಸೀಟು 17 ಮತ್ತು 9. ಇಲ್ಲಿ ಒಂದು ಎಚ್ಚರ ಬೇಕು. ಬಿಜೆಪಿ 25 ಕಡೆ ಮಾತ್ರ ನಿಂತಿತ್ತು, ಉಳಿದ ಮೂರು ಜೆಡಿಎಸ್‌ಗೆ ಬಿಟ್ಟುಕೊಟ್ಟಿತ್ತು, ಅದರಲ್ಲಿ ಜೆಡಿಎಸ್ ಎರಡು ಗೆದ್ದಿತು. ಇಬ್ಬರನ್ನೂ ಸೇರಿಸಿದರೆ ಮೈತ್ರಿಯ ಓಟು ಅರ್ಧ ದಾಟುತ್ತದೆ. ವಾಟ್ಸಾಪ್‌ನಲ್ಲಿ ಬರುವ "ನೋಡಿ ಒಂದೇ ಪರ್ಸೆಂಟ್ ವ್ಯತ್ಯಾಸ, ಎಂಟು ಸೀಟು ಮೋಸ" ಅನ್ನೋ ಮೆಸೇಜು ಇದನ್ನು ಹೇಳುವುದಿಲ್ಲ.

ಬೇರೆ ದಾರಿ ಇಲ್ಲವಾ ಅಂದರೆ ಇದೆ. ಶೇಕಡಾವಾರು ಓಟಿಗೆ ತಕ್ಕಂತೆ ಸೀಟು ಹಂಚುವ ದೇಶಗಳು ಬೇಕಾದಷ್ಟಿವೆ. ನ್ಯೂಜಿಲೆಂಡ್ ನಮ್ಮ ಥರದ್ದೇ ಪದ್ಧತಿ ಇಟ್ಟುಕೊಂಡಿತ್ತು, 1993ರಲ್ಲಿ ಜನರನ್ನೇ ಕೇಳಿ ಬಿಟ್ಟಿತು. ನನಗೆ ಆ ಪದ್ಧತಿ ಬಗ್ಗೆ ಪೂರ್ತಿ ಒಲವಿಲ್ಲ. ಪಕ್ಷದ ಪಟ್ಟಿಯಿಂದ ಬಂದವರನ್ನು ನಮ್ಮ ಎಂಪಿ ಅಂತ ಹಿಡಿದು ಕೇಳುವುದು ಕಷ್ಟ. ಈಗಲೇ ಕಷ್ಟ, ಇನ್ನು ಹಾಗಾದರೆ ಮುಗಿಯಿತು.

ನಮ್ಮ ಎಂಪಿ ಅಂದೆನಲ್ಲ, ನಮ್ಮೂರಲ್ಲಿ ಅದೇ ಒಂದು ದೊಡ್ಡ ಗೊಂದಲ. ನಮ್ಮದು ಸಿರುಗುಪ್ಪ. ತಾಲ್ಲೂಕು ಸಿರುಗುಪ್ಪವೇ, ಜಿಲ್ಲೆ ಮಾತ್ರ ಬಳ್ಳಾರಿ ಲೆಕ್ಕ. ಡಿಸಿ ಆಫೀಸ್ ಬಳ್ಳಾರಿ, ಎಸ್ಪಿ ಬಳ್ಳಾರಿ, ದೊಡ್ಡಾಸ್ಪತ್ರೆಗೂ ಬಳ್ಳಾರಿಗೇ ಓಡಬೇಕು. ಎಂಪಿ ಮಾತ್ರ ಕೊಪ್ಪಳದವರು. ಮಗಳು ಬೂತ್‌ನಿಂದ ಬಂದವಳೇ "ಶ್ರೀರಾಮುಲು ಹೆಸರೂ ಇಲ್ಲ, ತುಕಾರಾಂ ಹೆಸರೂ ಇಲ್ಲ, ಮಷಿನ್ನೇ ಅದಲುಬದಲಾಗೇತಿ" ಅಂದಳು. ಯಾವುದೂ ಅದಲುಬದಲಾಗಿರಲಿಲ್ಲ. ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕನಕಗಿರಿ ಈ ಐದು ಕೊಪ್ಪಳ ಜಿಲ್ಲೆಯವು. ಸಿಂಧನೂರು, ಮಸ್ಕಿ ರಾಯಚೂರು ಜಿಲ್ಲೆಯವು. ಎಂಟನೆಯದು ನಮ್ಮ ಸಿರುಗುಪ್ಪ. ಮೂರು ಜಿಲ್ಲೆ ಸೇರಿಸಿ ಒಂದು ಕ್ಷೇತ್ರ. ಪ್ರಚಾರದಲ್ಲಿ ಬಳ್ಳಾರಿಯ ಸುದ್ದಿ ಕೇಳಿ ಕೇಳಿ ಓಟು ಹಾಕಲು ಹೋದರೆ ಮಷಿನ್‌ನಲ್ಲಿ ಕೊಪ್ಪಳದ ಹೆಸರುಗಳು.

ಹೀಗೆ ಯಾಕೆ ಅಂದರೆ ಲೋಕಸಭಾ ಕ್ಷೇತ್ರವನ್ನು ಜನಸಂಖ್ಯೆ ನೋಡಿ ಕತ್ತರಿಸುತ್ತಾರೆ, ಒಂದೊಂದು ಕ್ಷೇತ್ರಕ್ಕೂ ಸರಿಸುಮಾರು ಒಂದೇ ಪ್ರಮಾಣದ ಜನ ಬರಬೇಕು. ಜಿಲ್ಲೆಯ ಗಡಿ ಅಲ್ಲಿ ಎರಡನೇ ಮಾತು. ಈಗಿನ ಗಡಿಗಳು 2001ರ ಜನಗಣತಿ ಹಿಡಿದು ಮಾಡಿ 2008ರಲ್ಲಿ ಜಾರಿಗೆ ಬಂದವು. ಆದರೆ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದು ಇನ್ನೂ 1971ರ ಜನಗಣತಿಯ ಲೆಕ್ಕ. ಅದಕ್ಕೇ ಕರ್ನಾಟಕಕ್ಕೆ 28. ಆ ಲೆಕ್ಕವನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಟ್ಟಬಾರದು ಅಂತ 2001ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿದರು. ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ಮುಂದೆ ಪಾಲು ಕಡಿಮೆಯಾಗುತ್ತದೆ ಅನ್ನುವ ಜಗಳ ಇದರ ಮೇಲೆಯೇ ನಡೆಯುತ್ತಿದೆ. ನನ್ನ ಓಟು ಎಲ್ಲಿ ಹೋಯಿತು ಅನ್ನುವುದಕ್ಕಿಂತ ನನ್ನ ಓಟಿನ ತೂಕ ಎಷ್ಟು ಅನ್ನುವುದು ನಮ್ಮ ಮಕ್ಕಳ ಕಾಲಕ್ಕೆ ದೊಡ್ಡ ಪ್ರಶ್ನೆಯಾಗುತ್ತದೆ ಅಂತ ನನಗನ್ನಿಸುತ್ತದೆ.

ಇನ್ನು ಮಷಿನ್ ಮೇಲಿನ ಅನುಮಾನ. ಸೋತ ದಿನ ಇದು ಎಲ್ಲ ಪಕ್ಷದವರಿಗೂ ಬರುತ್ತದೆ, ಗೆದ್ದ ದಿನ ಮಾಯ. ನಮ್ಮ ಕಡೆ ಓಟು ಆಗಿದ್ದು ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟು ದಿನ ಮಷಿನ್ ಸ್ಟ್ರಾಂಗ್ ರೂಮಿನಲ್ಲಿ ಇದ್ದರೆ ತಲೆಯಲ್ಲಿ ಹುಳ ಬಿಡುವವರು ಇದ್ದೇ ಇರುತ್ತಾರೆ. ನಡೆಯುವ ಕ್ರಮ ಇಷ್ಟು. ಬೆಳಗ್ಗೆ ಓಟು ಶುರುವಾಗುವ ಮುಂಚೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಓಟು ಹಾಕಿ ಅಣಕು ಮತದಾನ ಮಾಡಿ ತೋರಿಸಬೇಕು. ನಾವು ಒತ್ತಿದ ಮೇಲೆ, ಯಾರಿಗೆ ಓಟು ಬಿತ್ತು ಅಂತ ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದಲ್ಲಿ ಏಳು ಸೆಕೆಂಡ್ ಆ ಚೀಟಿ ಕಾಣುತ್ತದೆ. ಸಂಜೆ ಆ ಮಷಿನ್‌ನಲ್ಲಿ ಒಟ್ಟು ಎಷ್ಟು ಓಟು ಬಿತ್ತು ಅನ್ನುವುದನ್ನು ಫಾರಂ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ಎಣಿಕೆ ದಿನ ಅದಕ್ಕೆ ತಾಳೆ ನೋಡಬಹುದು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ ಆರಿಸಿದ ಐದು ಬೂತ್‌ಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ. ಎಲ್ಲ ಚೀಟಿ ಎಣಿಸಿ ಅನ್ನುವ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ಕ್ಕೆ ಒಪ್ಪಲಿಲ್ಲ. ಆದರೆ ಎರಡನೇ, ಮೂರನೇ ಸ್ಥಾನದವರು ಕೇಳಿದರೆ ಶೇ. 5ರಷ್ಟು ಮಷಿನ್ ತಪಾಸಣೆ ಮಾಡಬೇಕು ಅಂತ ಹೇಳಿತು. ಏಜೆಂಟ್ ಊಟಕ್ಕೆ ಹೋಗಿ ಸಂಜೆವರೆಗೆ ಬರಲಿಲ್ಲ ಅಂದರೆ ಯಾವ ಕೋರ್ಟೂ ಏನೂ ಮಾಡಲು ಆಗಲ್ಲ, ಅದು ಬೇರೆ ಮಾತು.

ನನ್ನ ಕೇಳಿದರೆ ಆ ಸಲ ಬೇಜಾರು ಜಾಸ್ತಿ ಮಾಡಿದ್ದು ಮಷಿನ್ ಅಲ್ಲ, ಎಕ್ಸಿಟ್ ಪೋಲ್. ಜೂನ್ 1ರ ಸಂಜೆ ಬಹುತೇಕ ಎಲ್ಲರೂ ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಕೊಟ್ಟರು. ಒಬ್ಬರು ಮೂರು ದಿನ ಮುಂಚೆಯೇ ಹಬ್ಬ ಮಾಡಿದರು, ಇನ್ನೊಬ್ಬರು ಮೂರು ದಿನ ಮುಂಚೆಯೇ ಸೂತಕ ಮಾಡಿದರು. ನಾಲ್ಕನೇ ತಾರೀಖು ಇಬ್ಬರದೂ ಉಲ್ಟಾ ಆಯಿತು.

ಈಗ ಅವಳ ಪ್ರಶ್ನೆಗೆ ನೇರ ಉತ್ತರ. ಸೋತ ಓಟು ಕಾಗದದ ಮೇಲೆ ಎಲ್ಲಿದೆ ಅಂತ ತೋರಿಸಬಹುದು. ಅದು ಫಾರಂ 20ರಲ್ಲಿದೆ. ಪ್ರತಿ ಬೂತ್‌ನಲ್ಲಿ ಯಾವ ಅಭ್ಯರ್ಥಿಗೆ ಎಷ್ಟು, ನೋಟಾಗೆ ಎಷ್ಟು, ಎಲ್ಲ ಅದರಲ್ಲಿ ಬರೆದಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಬೂತ್ ನಂಬರ್ ಹುಡುಕಿ ತೆಗೆದೆವು. ಕೊಪ್ಪಳದಲ್ಲಿ ಗೆದ್ದವರಿಗೆ 6.63 ಲಕ್ಷ, ಸೋತವರಿಗೆ 6.17 ಲಕ್ಷ. ಆ ದೊಡ್ಡ ರಾಶಿಯಲ್ಲಿ ನಮ್ಮ ಓಣಿಯ ಓಟು ಇಂತಿಷ್ಟು ಅಂತ ಕಂಡಾಗ ಅವಳಿಗೆ ಸ್ವಲ್ಪ ಸಮಾಧಾನ ಆಯಿತು. "ಇದ್ರಾಗ ಒಂದು ನಂದು" ಅಂದಳು.

ಈ ಹಾಳೆಯನ್ನು ನಾವು ನೋಡದಿದ್ದರೂ ಪಕ್ಷದವರು ತಪ್ಪದೆ ನೋಡುತ್ತಾರೆ. ಮುಂದಿನ ಸಲ ಟಿಕೆಟ್ ಯಾರಿಗೆ, ಯಾವ ಹಳ್ಳಿಗೆ ಎರಡು ಸಲ ಹೋಗಬೇಕು, ಯಾವ ಊರಿನ ಮುಖಂಡ ಬರೀ ಬಾಯಿ ಮಾತಿನವನು, ಎಲ್ಲ ಇದರಿಂದಲೇ ಲೆಕ್ಕ. ಸ್ವಲ್ಪದರಲ್ಲಿ ಸೋತವರಿಗೆ ಮತ್ತೆ ಟಿಕೆಟ್ ಸಿಗುತ್ತದೆ. ಚಲಾವಣೆಯಾದ ಓಟಿನಲ್ಲಿ ಆರರಲ್ಲಿ ಒಂದು ಪಾಲೂ ಬರದವರ ಠೇವಣಿ ಹೋಗುತ್ತದೆ, ಲೋಕಸಭೆಗೆ ಅದು 25,000 ರೂಪಾಯಿ, ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಅದರ ಅರ್ಧ.

ಇದಕ್ಕೆ ಕೆಟ್ಟ ಮುಖವೂ ಇದೆ. ಒಂದು ಬೂತ್ ಅಂದರೆ ಸಾವಿರದ ಆಸುಪಾಸು ಮತದಾರರು. ಸಣ್ಣ ಹಳ್ಳಿಯಾದರೆ ಇಡೀ ಊರೇ ಒಂದು ಬೂತ್. ಯಾವ ಊರು ನಮಗೆ ಹಾಕಲಿಲ್ಲ ಅಂತ ಗೆದ್ದವರಿಗೆ ಮರುದಿನವೇ ಗೊತ್ತು. ಆ ಊರಿನ ರಸ್ತೆ ಆಮೇಲೆ ನೋಡೋಣ ಅನ್ನುವ ಮಾತನ್ನು ನಮ್ಮ ಕಡೆ ಕೇಳದವರು ಯಾರಿದ್ದಾರೆ? ಬ್ಯಾಲೆಟ್ ಪೇಪರ್ ಕಾಲದಲ್ಲಿ ಹಲವು ಬೂತ್‌ಗಳ ಚೀಟಿ ಬೆರೆಸಿ ಎಣಿಸಲು ಅವಕಾಶ ಇತ್ತು. ಮಷಿನ್ ಬಂದ ಮೇಲೆ ಬೂತ್ ಬೂತ್‌ಗೇ ಎಣಿಕೆ. ಹಲವು ಮಷಿನ್‌ಗಳ ಓಟನ್ನು ಒಟ್ಟಿಗೆ ಕೂಡಿ ತೋರಿಸುವ ಟೋಟಲೈಸರ್ ಅನ್ನುವ ಯಂತ್ರ ತರೋಣ ಅಂತ ಚುನಾವಣಾ ಆಯೋಗವೇ ಕೇಳಿತ್ತು. ಅದು ಬರಲೇ ಇಲ್ಲ. ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವ ವಿಷಯ. ಒಬ್ಬೊಬ್ಬರ ಓಟು ಗುಟ್ಟು, ಊರಿನ ಓಟು ಬಯಲು.

ಕ್ಷೇತ್ರ ಬಿಟ್ಟು ದೆಹಲಿಗೆ ಹೋದರೆ ಸೋತ ಕಡೆಯ ಸೀಟುಗಳಿಗೂ ಕೆಲಸ ಇದೆ. ಸರ್ಕಾರ ಮಾಡಲು 272 ಬೇಕು. 240 ಬಂದ ಪಕ್ಷ ಟಿಡಿಪಿ, ಜೆಡಿಯು ಜೊತೆ ಹೊಂದಿಕೊಂಡು ಹೋಗಬೇಕು. ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ಸದನದ ಹತ್ತರಲ್ಲಿ ಒಂದು ಪಾಲು, ಅಂದರೆ 55 ಸೀಟು ಬೇಕು ಅನ್ನುವ ವಾಡಿಕೆ ಇದೆ. 2014ರಲ್ಲೂ 2019ರಲ್ಲೂ ಯಾರಿಗೂ ಅಷ್ಟು ಬರಲಿಲ್ಲ, ಹತ್ತು ವರ್ಷ ಆ ಕುರ್ಚಿ ಖಾಲಿ. 2024ರಲ್ಲಿ ಕಾಂಗ್ರೆಸ್‌ಗೆ 99 ಬಂದ ಮೇಲೆ ರಾಹುಲ್ ಗಾಂಧಿ ಅಲ್ಲಿ ಕೂತರು. ಬರೀ ಭಾಷಣದ ಕುರ್ಚಿ ಅಲ್ಲ ಅದು. ಸಿಬಿಐ ನಿರ್ದೇಶಕರು, ಮುಖ್ಯ ಚುನಾವಣಾ ಆಯುಕ್ತರು ಇಂಥವರನ್ನು ಆರಿಸುವ ಸಮಿತಿಯಲ್ಲಿ ಅವರಿಗೆ ಜಾಗ ಇರುತ್ತದೆ.

ಸಂವಿಧಾನ ತಿದ್ದಬೇಕು ಅಂದರೆ 272 ಸಾಲದು. ಹಾಜರಿದ್ದು ಓಟು ಹಾಕಿದವರಲ್ಲಿ ಮೂರನೇ ಎರಡು ಪಾಲು ಬೇಕು, ಎರಡೂ ಸದನದಲ್ಲಿ. ಇದನ್ನು ನಮ್ಮ ಭಾಗದ ಮಕ್ಕಳಿಗೆ ಅರ್ಥ ಮಾಡಿಸುವುದು ಬಲು ಸುಲಭ. ಮಗಳ ಡಿಗ್ರಿ ಸೀಟು ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371ಜೆ ಕೋಟಾದಲ್ಲಿ ಸಿಕ್ಕಿದ್ದು. ಅದು 2012ರ 98ನೇ ತಿದ್ದುಪಡಿ. ಆಗಿನ ಯುಪಿಎ ಸರ್ಕಾರಕ್ಕೆ ಒಂಟಿಯಾಗಿ ಮೂರನೇ ಎರಡು ಪಾಲು ಇರಲಿಲ್ಲ. ವಿರೋಧ ಪಕ್ಷದವರೂ ಕೈ ಎತ್ತಿದ್ದಕ್ಕೆ ಅದು ಪಾಸಾಯಿತು. 2009ರಲ್ಲಿ ಸೋತ ಪಕ್ಷಕ್ಕೆ ಹಾಕಿದವರ ಓಟೂ ಅವಳ ಸೀಟಿನಲ್ಲಿ ಸೇರಿದೆ. ಆ ಕೋಟಾಕ್ಕೆ ಬೇಕಾದ ಕಂದಾಯ ಇಲಾಖೆಯ ಸರ್ಟಿಫಿಕೇಟಿಗೆ ನಾವು ಓಡಾಡಿದ್ದು ಅವಳಿಗೆ ನೆನಪಿದೆ, ಹಾಗಾಗಿ ಈ ಮಾತು ಬೇಗ ತಲೆಗೆ ಹೋಯಿತು.

ಇನ್ನು ಗೆದ್ದ ಓಟು ಕೈಬಿಟ್ಟ ಕಥೆ ಬೇಕಾದರೆ ಬಳ್ಳಾರಿಯವರನ್ನೇ ಕೇಳಬೇಕು. 1999ರಲ್ಲಿ ಕಾಂಗ್ರೆಸ್‌ನ ಸೋನಿಯಾ ಗಾಂಧಿ, ಬಿಜೆಪಿಯ ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಲ್ಲಿ ನಿಂತರು. ನಾನಾಗ ಕಾಲೇಜು ಹುಡುಗಿ. ದೇಶದ ಕ್ಯಾಮೆರಾ ಎಲ್ಲ ಇಲ್ಲಿತ್ತು, ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಸೋನಿಯಾ 56 ಸಾವಿರ ಓಟಿನಿಂದ ಗೆದ್ದರು, ಆದರೆ ಅಮೇಠಿಯಲ್ಲೂ ಗೆದ್ದಿದ್ದರಿಂದ ಅದನ್ನು ಇಟ್ಟುಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. 2000ದಲ್ಲಿ ಉಪಚುನಾವಣೆ ಆಯಿತು. ಒಬ್ಬರು ಎರಡು ಕಡೆ ನಿಲ್ಲಬಹುದು, ಎರಡೂ ಗೆದ್ದರೆ ಒಂದು ಬಿಡಬೇಕು ಅನ್ನುವುದು ಇವತ್ತಿಗೂ ಕಾನೂನು. ಸೋತ ಸುಷ್ಮಾ ಅವರಾದರೋ ಆಮೇಲೆ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು.

ಮಗಳಿಗೆ ನಾನು ಇನ್ನೊಂದು ಹೇಳಿದೆ. ಒಂದು ಚುನಾವಣೆಯ ಬೇಜಾರನ್ನು ಮುಂದಿನದಕ್ಕೆ ಹೊತ್ತುಕೊಂಡು ಹೋಗುವ ಜನ ಅಲ್ಲ ನಾವು ಕರ್ನಾಟಕದವರು. 1984ರ ಡಿಸೆಂಬರ್‌ನಲ್ಲಿ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಕೊಟ್ಟರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಕೊಟ್ಟರು. ಕೆಲವೇ ತಿಂಗಳ ಅಂತರ. ಅದೇ ಹೆಗಡೆ 1991ರಲ್ಲಿ ಬಾಗಲಕೋಟೆಯಲ್ಲಿ ಲೋಕಸಭೆಗೆ ನಿಂತು ಸೋತರು ಅನ್ನುವುದನ್ನು ನಮ್ಮ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ.

ಸೋತ ಮೇಲೆ ಮಾಡುವುದಾದರೂ ಏನು ಅಂದರೆ, ಗೆದ್ದವರು ಈಗ ಇಬ್ಬರಿಗೂ ಎಂಪಿ. ವರ್ಷಕ್ಕೆ 5 ಕೋಟಿ ಕ್ಷೇತ್ರಾಭಿವೃದ್ಧಿ ನಿಧಿ ಅವರ ಕೈಯಲ್ಲಿ. ಹಳ್ಳಿ ಜನರ ಉದ್ಯೋಗ, ಮನೆ, ಕುಡಿಯುವ ನೀರಿನಂಥ ಕೇಂದ್ರದ ಯೋಜನೆ ನೋಡುವ ದಿಶಾ ಸಭೆಗೆ ಸಂಸದರೇ ಅಧ್ಯಕ್ಷರು. ಚರಂಡಿಗೆ ಅವರನ್ನು ಹಿಡಿಯಬೇಡಿ, ಅದು ನಗರಸಭೆ ಕೆಲಸ. ರೈಲು, ಹೆದ್ದಾರಿ, ಏಮ್ಸ್ ಅವರ ಕೆಲಸ. 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ದಾರಿಯಲ್ಲಿ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಸಿರುಗುಪ್ಪದವರು ಇನ್ನೂ ಬಸ್ಸಿಗೇ ಕಾಯುತ್ತೇವೆ.

ಲೋಕಸಭೆಯಲ್ಲಿ ಬೆಳಗ್ಗೆ 11ಕ್ಕೆ ಪ್ರಶ್ನೋತ್ತರ. ಬಾಯಲ್ಲಿ ಉತ್ತರ ಸಿಗುವ ಪ್ರಶ್ನೆ ದಿನಕ್ಕೆ 20, ಬರವಣಿಗೆಯಲ್ಲಿ ಉತ್ತರ ಸಿಗುವುದು 230. ಯಾವ ಎಂಪಿ ಏನು ಕೇಳಿದರು, ಸಚಿವರು ಏನು ಹೇಳಿದರು ಎಲ್ಲ ಸಂಸತ್ತಿನ ಜಾಲತಾಣದಲ್ಲಿ ಇರುತ್ತದೆ. ಮಗಳು ಈಗ ಅದನ್ನು ಹುಡುಕುವುದರಲ್ಲಿ ಬಿದ್ದಿದ್ದಾಳೆ. ಸಿರುಗುಪ್ಪಕ್ಕೆ ರೈಲಿನ ಬಗ್ಗೆ ಎಂಪಿಗೆ ಒಂದು ಪತ್ರವನ್ನೂ ಬರೆದಳು. "ನಿಮಗೆ ಓಟು ಹಾಕಿದವರು" ಅಂತ ಶುರು ಮಾಡಿದ್ದಳೋ ಇಲ್ಲವೋ ಹೇಳಲ್ಲ, ಆ ಸಾಲು ಮಾತ್ರ ತೆಗೆಸಿದೆ. ಪ್ರಶ್ನೆಗೆ ಎಂಪಿ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು, ಹಾಗಾಗಿ ಪತ್ರ ಅಧಿವೇಶನ ಶುರುವಾಗುವುದಕ್ಕಿಂತ ಸಾಕಷ್ಟು ಮೊದಲೇ ಅವರ ಆಫೀಸಿಗೆ ಮುಟ್ಟಬೇಕು. ಬಳ್ಳಾರಿಗಲ್ಲ, ಕೊಪ್ಪಳಕ್ಕೆ.